ನಮ್ಮ ಕೈಯಲ್ಲಿರುವ ಸೇರು

ಲೂಕ 6ನೇ ಅಧ್ಯಾಯ ತೆರೆಯಿರಿ, 36ರಿಂದ 38ನೇ ವಚನ.

38ನೇ ವಚನವನ್ನ ನಾವು ಹೆಚ್ಚಾಗಿ ಕೇಳೋದು ಕಾಣಿಕೆ ಸಮಯದಲ್ಲಿ. ಆದರೆ ಅದರ ಮೇಲಿನ ಎರಡು ವಚನ ಗಮನಿಸಿ, ಪ್ರಿಯರೇ. ಅಲ್ಲಿ ದುಡ್ಡಿನ ಮಾತಿಲ್ಲ. ಇರೋದು ಕರುಣೆ, ತೀರ್ಪು, ಕ್ಷಮೆ. ಯೇಸು ಸ್ವಾಮಿ ತೋರಿಸಿದ್ದು ಧಾನ್ಯ ಅಳೆಯುವ ಚಿತ್ರ. ಒಳ್ಳೆ ಮನಸ್ಸಿನವನು ಸೇರನ್ನ ಅಲ್ಲಾಡಿಸಿ, ಒತ್ತಿ, ಮೇಲೆ ಗೋಪುರ ಮಾಡಿ ಮಡಿಲಿಗೆ ಸುರಿಯುತ್ತಾನೆ. ನಾವು ಬೇರೆಯವರಿಗೆ ಯಾವ ಸೇರು ಹಿಡಿಯುತ್ತೇವೋ, ನಮಗೂ ಅದೇ ಸೇರು.

"ಬ್ರದರ್, ಹಾಗಾದ್ರೆ ಇದು ಕರ್ಮ ತಾನೇ?" ಅಂತ ಯೌವನಸ್ಥರು ಕೇಳ್ತಾರೆ. ಅಲ್ಲ. ಯಾಕೆ ಅನ್ನೋದಕ್ಕೆ ಮತ್ತಾಯ 18ಕ್ಕೆ ಬನ್ನಿ.

ಒಬ್ಬ ಸೇವಕ ಅರಸನಿಗೆ 10,000 ತಲಾಂತು ಸಾಲ ಇದ್ದ. ಒಂದು ದಿನಾರಿ ಅಂದ್ರೆ ಒಂದು ದಿನದ ಕೂಲಿ. ಒಂದು ತಲಾಂತು ಸುಮಾರು 6,000 ದಿನಾರಿ. ಲೆಕ್ಕ ಹಾಕಿ, 6 ಕೋಟಿ ದಿನಗಳ ಕೂಲಿ! ಎಷ್ಟು ಜನ್ಮ ದುಡಿದರೂ ತೀರಲ್ಲ. ಅರಸ ಪೂರ್ತಿ ಬಿಟ್ಟುಬಿಟ್ಟ. ಹೊರಗೆ ಬಂದವನೇ, ತನಗೆ 100 ದಿನಾರಿ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ.

100 ದಿನಾರಿ ಸಣ್ಣ ಮೊತ್ತ ಅಲ್ಲ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿಮಗಾದ ನೋವು ಸುಳ್ಳು ಅಂತ ಸ್ವಾಮಿ ಹೇಳ್ತಿಲ್ಲ. ಆದರೆ ದೇವರು ಮೊದಲೇ ನಮಗೆ ತುಂಬಿ ಅಳೆದಿದ್ದಾರೆ. ಕರ್ಮದ ಲೆಕ್ಕ ನಮ್ಮಿಂದ ಶುರುವಾಗುತ್ತೆ, ಸುವಾರ್ತೆಯ ಲೆಕ್ಕ ದೇವರ ಕೃಪೆಯಿಂದ. ಆ ಕೃಪೆಯನ್ನ ಬಾಗಿಲಾಚೆಗೇ ಮರೆತವನ ಮುಂದೆ, ಅವನದೇ ಚಿಕ್ಕ ಸೇರು ವಾಪಸ್ ಬಂತು.

ಎರಡು ಎಚ್ಚರಿಕೆ. ಕಾಯಿಲೆ ಬಿದ್ದವರನ್ನ ನೋಡಿ "ಮಾಡಿದ್ದು ಅನುಭವಿಸ್ತಿದ್ದಾರೆ" ಅನ್ನಬೇಡಿ. ಯೋಹಾನ 9ರಲ್ಲಿ ಹುಟ್ಟುಕುರುಡನ ಬಗ್ಗೆ ಶಿಷ್ಯರು ಹಾಗೇ ಯೋಚಿಸಿದಾಗ ಯೇಸು ಸ್ವಾಮಿ ಒಪ್ಪಲಿಲ್ಲ. ಇನ್ನೊಂದು, ಕ್ಷಮಿಸೋದು ಅಂದ್ರೆ ಹೊಡೆತ ತಿಂತಾ ಸುಮ್ಮನಿರೋದಲ್ಲ. ತಪ್ಪನ್ನ ಗದರಿಸಿ ಹೇಳಬೇಕು ಅನ್ನೋದೂ ಲೂಕ 17:3ರಲ್ಲೇ ಇದೆ.

ನಾವು ಆಫೀಸಿಗೆ ಲೇಟ್ ಆದ್ರೆ "ಟ್ರಾಫಿಕ್ ಸರ್" ಅಂತೀವಿ. ಡೆಲಿವರಿ ಹುಡುಗ ಅದೇ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ಲೇಟ್ ಆದ್ರೆ ಒಂದೇ ಸ್ಟಾರ್. ನಮಗೊಂದು ಸೇರು, ಅವನಿಗೊಂದು ಸೇರಾ?

ಈ ವಾರ ಒಬ್ಬರ ಹೆಸರು ಹಿಡಿದು ಪ್ರಾರ್ಥಿಸಿ. ಪಿಜಿ ರೂಮ್‌ಮೇಟ್ ಇರಬಹುದು, ಮಾತು ಬಿಟ್ಟ ಅಣ್ಣ ಇರಬಹುದು. "ಕರ್ತನೇ, ನೀನು ನನಗೆ ಅಳೆದ ಸೇರಲ್ಲೇ ಅವರಿಗೆ ಅಳೆಯಲು ಬಲ ಕೊಡು" ಅನ್ನಿ. ಪವಿತ್ರಾತ್ಮನು ಸಹಾಯ ಮಾಡಲಿ. ಆಮೆನ್.