ಮೂರು ಪಾವಟಿಗೆಗೆ ಹದಿನೆಂಟು ಅಡಿ ಇಳಿಜಾರು

ಲಕ್ವಾ ಹೊಡೆದು ಚೇತರಿಸಿಕೊಂಡ ರೋಗಿಗೆ ವೈದ್ಯರು ಸಾಮಾನ್ಯವಾಗಿ ಮೂರು ಮಾತು ಹೇಳುತ್ತಾರೆ. ರಕ್ತದೊತ್ತಡದ ಗುಳಿಗೆ ತಪ್ಪಿಸಬೇಡಿ, ವ್ಯಾಯಾಮ ಬಿಡಬೇಡಿ, ತಿಂಗಳಿಗೊಮ್ಮೆ ಬಂದು ತೋರಿಸಿ. ಮೂರನೆಯ ಮಾತು ನಡೆಯಬೇಕಾದರೆ ರೋಗಿಯು ದವಾಖಾನೆಯ ಒಳಗೆ ಬರಲು ಸಾಧ್ಯವಾಗಬೇಕಲ್ಲವೇ? ಇದು ನನಗೆ ಹೊಳೆದದ್ದು ಬಹಳ ತಡವಾಗಿ.

ಹುಲಸೂರಿನ ನನ್ನ ದವಾಖಾನೆಯ ಮುಂದೆ ಮೂರು ಪಾವಟಿಗೆಗಳಿದ್ದವು. ಮಳೆನೀರು ಒಳಗೆ ಬಾರದಿರಲೆಂದು ಕಟ್ಟೆಯನ್ನು ಒಂದೂವರೆ ಅಡಿ ಎತ್ತರಿಸಿದ್ದರು. ಬಲಭಾಗ ಸ್ವಾಧೀನ ತಪ್ಪಿದ ಒಬ್ಬ ವೃದ್ಧ ರೈತರನ್ನು ಅವರ ಪತ್ನಿ ಪ್ರತಿ ತಿಂಗಳೂ ಆಟೋದಲ್ಲಿ ಕರೆತರುತ್ತಿದ್ದರು. ಎತ್ತಿ ಒಳಗೆ ತರಲು ಜನ ಸಿಗದಿದ್ದಾಗ ನಾನೇ ಹೊರಗೆ ಹೋಗಿ, ಆಟೋದಲ್ಲಿ ಕುಳಿತಂತೆಯೇ ಅವರ ಬಿ.ಪಿ. ನೋಡಿ ಚೀಟಿ ಬರೆಯುತ್ತಿದ್ದೆ. ರೋಗಿಗೆ ಉಪಕಾರ ಮಾಡುತ್ತಿದ್ದೇನೆಂದೇ ಭಾವಿಸಿದ್ದೆ. ಹೀಗೆ ಮೂರು ತಿಂಗಳು ಕಳೆದ ಮೇಲೆ ಅವರಿಗೆ ಜ್ವರ ಬಂತು. ಒಳಗೆ ಮಲಗಿಸಿ ನೋಡಿದರೆ ಬೆನ್ನಿನ ಕೆಳಭಾಗದಲ್ಲಿ ಅಂಗೈಯಗಲದ ಹಾಸಿಗೆ ಹುಣ್ಣು. ಬೀದಿಯಲ್ಲಿ ನಿಂತು ಯಾರಾದರೂ ಬಟ್ಟೆ ಸರಿಸಿ ಬೆನ್ನು ನೋಡಲಾದೀತೇ? ಮೂರು ಪಾವಟಿಗೆಗಳು ಆ ಹುಣ್ಣನ್ನು ಮೂರು ತಿಂಗಳು ನನ್ನಿಂದ ಮುಚ್ಚಿಟ್ಟಿದ್ದವು.

ಮರುವಾರವೇ ಗೌಂಡಿಯನ್ನು ಕರೆಸಿ ಪಾವಟಿಗೆಗಳ ಮೇಲೆ ಐದಡಿ ಉದ್ದದ ಸಿಮೆಂಟ್ ಇಳಿಜಾರು ಹಾಕಿಸಿದೆ. ಅದು ಇನ್ನೊಂದು ತಪ್ಪಾಯಿತು. ಗಾಲಿಕುರ್ಚಿ ಅರ್ಧ ಏರಿ ಹಿಂದಕ್ಕೆ ಜಾರಿತು. ಹಿಂದೆ ನಿಂತು ನೂಕುತ್ತಿದ್ದ ಆ ತಾಯಿಯ ಮಣಿಕಟ್ಟು ಮುರಿಯಿತು. ಸದುದ್ದೇಶ ಇದ್ದರೆ ಸಾಲದು, ಅಳತೆಯೂ ಗೊತ್ತಿರಬೇಕು ಎಂಬ ಪಾಠ ಅಂದು ನನಗಾಯಿತು. ಆ ಅಳತೆಗಳನ್ನು ಯಾರು, ಹೇಗೆ ನಿಗದಿ ಮಾಡುತ್ತಾರೆ, ಅವು ಕಾಲಕಾಲಕ್ಕೆ ಏಕೆ ಬದಲಾಗುತ್ತವೆ ಎಂಬುದನ್ನು ಈ ವಾರ ನೋಡೋಣ.

ಒಂದಕ್ಕೆ ಹನ್ನೆರಡು

ಇಳಿಜಾರಿನ ಮೂಲಸೂತ್ರ ಸುಲಭವಾದುದು. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಆದಕಾರಣ ನನ್ನ ಒಂದೂವರೆ ಅಡಿ ಕಟ್ಟೆಗೆ ಹದಿನೆಂಟು ಅಡಿ ಬೇಕಿತ್ತು. ನಾನು ಹಾಕಿಸಿದ್ದು ಐದೇ ಅಡಿ. ರೋಗಿ ಮತ್ತು ಕುರ್ಚಿ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ಹದಿನೆಂಟು ಅಡಿಯ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಂದಕ್ಕೆ ಎಳೆಯುವ ಭಾರ ಸುಮಾರು ಆರೂವರೆ ಕಿಲೋ. ಐದಡಿಯ ಇಳಿಜಾರಿನಲ್ಲಿ ಅದು ಸುಮಾರು 23 ಕಿಲೋ ಆಗುತ್ತದೆ. ಅರವತ್ತು ದಾಟಿದ ಹೆಂಗಸಿನ ಕೈಗೆ ಅದು ನಿಲ್ಲಲಿಲ್ಲವೆಂದರೆ ಆಶ್ಚರ್ಯವೇನಿಲ್ಲ.

ಈ ಒಂದಕ್ಕೆ ಹನ್ನೆರಡರ ಪ್ರಮಾಣವನ್ನು ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಎ117.1 ಎಂಬ ಮಾನಕದಲ್ಲಿ ಕಾಣುತ್ತೇವೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಗಾಲಿಕುರ್ಚಿಯ ವಿದ್ಯಾರ್ಥಿಗಳಿಗಾಗಿ ಕೆಲಸ ಮಾಡುತ್ತಿದ್ದ ಟಿಮೊತಿ ನ್ಯೂಜೆಂಟ್ ಅದರ ಹಿಂದಿನ ಸಂಶೋಧನೆಯನ್ನು ಮುನ್ನಡೆಸಿದರು. ನಮ್ಮ ದೇಶವೂ ಬಹಳ ಹಿಂದೆ ಉಳಿಯಲಿಲ್ಲ. ಅಂಗವಿಕಲರಿಗೆ ಅನುಕೂಲವಾದ ಕಟ್ಟಡಗಳ ಕುರಿತ ಐಎಸ್ 4963 ಎಂಬ ಭಾರತೀಯ ಮಾನಕ 1968ರಲ್ಲಿಯೇ ಬಂದು, 1987ರಲ್ಲಿ ಪರಿಷ್ಕೃತವಾಯಿತು. ಅಂದರೆ ನನ್ನ ದವಾಖಾನೆಯ ಪಾವಟಿಗೆ ಕಟ್ಟುವ ಮೊದಲೇ ಸರಿಯಾದ ಅಳತೆ ಪುಸ್ತಕದಲ್ಲಿತ್ತು. ಅದು ಗೌಂಡಿಯ ಕೈಗೂ ವೈದ್ಯನ ಕೈಗೂ ಬಂದಿರಲಿಲ್ಲ.

ಅಳತೆಗಳು ಏಕೆ ಬದಲಾಗುತ್ತವೆ?

ಹತ್ತು ವರ್ಷದ ಹಿಂದಿನ ಔಷಧದ ಚೀಟಿ ಹಿಡಿದು ಅದೇ ಗುಳಿಗೆ ನುಂಗುತ್ತಿರುವವರನ್ನು ನಾವು ಗದರಿಸುತ್ತೇವೆ. ದೇಹ ಬದಲಾಗಿರುತ್ತದೆ, ಔಷಧವೂ ಬದಲಾಗಿರುತ್ತದೆ. ಕಟ್ಟಡದ ಮಾತೂ ಹಾಗೆಯೇ.

ಗಾಲಿಕುರ್ಚಿಯು ಪೂರ್ತಿ ತಿರುಗಲು 60 ಇಂಚು ವ್ಯಾಸದ ಜಾಗ ಸಾಕು ಎಂಬುದು ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಮುಂದೆ ಮೋಟಾರು ಅಳವಡಿಸಿದ ದೊಡ್ಡ ಕುರ್ಚಿಗಳು ಬಂದವು. ಕುರ್ಚಿ ಬಳಸುವವರನ್ನೇ ಕೂರಿಸಿ ಹೊಸದಾಗಿ ಅಳತೆ ತೆಗೆದಾಗ ಹಳೆಯ ಜಾಗ ಅನೇಕರಿಗೆ ಸಾಲದೆಂದು ತಿಳಿಯಿತು. 2017ರ ಪರಿಷ್ಕರಣೆಯಲ್ಲಿ ಹೊಸ ಕಟ್ಟಡಗಳಿಗೆ ಅದನ್ನು 67 ಇಂಚಿಗೆ ಏರಿಸಿದರು.

ನಮ್ಮಲ್ಲಿಯೂ ಇಂಥ ಉದಾಹರಣೆ ಉಂಟು. 2005ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಅಂಗವಿಕಲರ ಶೌಚಾಲಯದ ಕನಿಷ್ಠ ಅಳತೆ 1500 ಮಿ.ಮೀ.ಗೆ 1750 ಮಿ.ಮೀ. ಇತ್ತು. 2016ರ ಕೇಂದ್ರ ನಗರಾಭಿವೃದ್ಧಿ ಸಚಿವಾಲಯದ ಮಾರ್ಗಸೂಚಿಯಲ್ಲಿ ಅದು 2200ಕ್ಕೆ 2000 ಆಯಿತು. ಕಾರಣ ನಮ್ಮಂಥ ವೈದ್ಯರಿಗೆ ಚೆನ್ನಾಗಿ ಗೊತ್ತಿರುವುದೇ. ಸೊಂಟದ ಕೆಳಗೆ ಶಕ್ತಿ ಇಲ್ಲದವರು ಕುರ್ಚಿಯನ್ನು ಕಮೋಡಿನ ಪಕ್ಕಕ್ಕೆ ತಂದು, ಅಡ್ಡಕ್ಕೆ ಸರಿದು ಕೂರಬೇಕು. ಅವರನ್ನು ಹಿಡಿದುಕೊಳ್ಳುವ ಹೆಂಡತಿಗೋ ಮಗನಿಗೋ ನಿಲ್ಲಲು ಜಾಗ ಬೇಕು. ಸಂಡಾಸದಲ್ಲಿ ಜಾಗವಿಲ್ಲದ ಊರಿಗೆ ಹೋಗಬೇಕಾದ ದಿನ ರೋಗಿ ಏನು ಮಾಡುತ್ತಾನೆ? ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಬೀದರಿನ ಬೇಸಿಗೆಯಲ್ಲಿ ಹೀಗೆ ಮಾಡಿದರೆ ಮೂತ್ರದ ಸೋಂಕು, ಮೂತ್ರಕೋಶದ ಕಲ್ಲು ತಪ್ಪಿದ್ದಲ್ಲ.

ಎಲ್ಲರೂ ಕೂಡಿ ಬರೆಯುವ ಪುಸ್ತಕ

ಇಂತಹ ಮಾನಕಗಳನ್ನು ಒಬ್ಬ ಎಂಜಿನಿಯರ್ ಒಂದು ಕೋಣೆಯಲ್ಲಿ ಕುಳಿತು ಬರೆಯುವುದಿಲ್ಲ. ಭಾರತೀಯ ಮಾನಕ ಬ್ಯೂರೋದಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು ಸಮಿತಿ ಇರುತ್ತದೆ. ಅದರಲ್ಲಿ ತಜ್ಞರು, ತಯಾರಕರು, ಸರ್ಕಾರದ ಇಲಾಖೆಯವರು, ಬಳಕೆದಾರರ ಪ್ರತಿನಿಧಿಗಳು ಕೂರುತ್ತಾರೆ. ಕರಡು ಸಿದ್ಧವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತಾರೆ, ಬಂದ ಆಕ್ಷೇಪಗಳನ್ನು ಪರಿಶೀಲಿಸುತ್ತಾರೆ. ಐದು ವರ್ಷಕ್ಕೊಮ್ಮೆಯಾದರೂ ಮರುಪರಿಶೀಲನೆ ಮಾಡಬೇಕೆಂಬ ಪದ್ಧತಿಯೂ ಇದೆ.

ಇಲ್ಲಿ ತೀರ್ಮಾನವಾಗುವುದು ಸಹಮತದಿಂದ. ಸಹಮತವೆಂದರೆ ಎಲ್ಲರೂ ಒಂದೇ ಮಾತು ಹೇಳುವುದಲ್ಲ, ಕೈ ಎತ್ತಿಸಿ ಬಹುಮತ ಎಣಿಸುವುದೂ ಅಲ್ಲ. ಸಂಬಂಧಪಟ್ಟ ಮುಖ್ಯ ಗುಂಪುಗಳಲ್ಲಿ ಯಾರೊಬ್ಬರ ಬಲವಾದ ಆಕ್ಷೇಪವೂ ಉತ್ತರ ಸಿಗದೆ ಉಳಿಯಬಾರದು ಎಂಬುದೇ ಅದರ ತಿರುಳು.

ಇದರ ಅಗತ್ಯ ಒಂದು ಉದಾಹರಣೆಯಿಂದ ತಿಳಿಯುತ್ತದೆ. ಪಾದಚಾರಿ ಕಟ್ಟೆಯು ರಸ್ತೆಗೆ ಸಮತಟ್ಟಾಗಿ ಇಳಿಯಬೇಕು ಎನ್ನುತ್ತಾರೆ ಗಾಲಿಕುರ್ಚಿಯವರು. ಅಂಧರು ಇದನ್ನು ಒಪ್ಪುವುದಿಲ್ಲ. ಕಟ್ಟೆಯ ಅಂಚು ಕೋಲಿಗೆ ತಾಗಿದರೆ ಮಾತ್ರ ರಸ್ತೆ ಬಂತೆಂದು ಅವರಿಗೆ ತಿಳಿಯುವುದು. ಅಂಚನ್ನು ಪೂರ್ತಿ ತೆಗೆದರೆ ಅವರು ವಾಹನಗಳ ನಡುವೆ ಕಾಲಿಡುತ್ತಾರೆ. ಇಬ್ಬರ ಮಾತೂ ನ್ಯಾಯವಾದುದೇ. ಮತ ಎಣಿಸಿದರೆ ಒಬ್ಬರಿಗೆ ಪೆಟ್ಟು ಖಚಿತ. ಎದುರುಬದುರು ಕುಳಿತು ಮಾತನಾಡಿದಾಗ ದಾರಿ ಸಿಕ್ಕಿತು: ಇಳಿಜಾರೂ ಇರಲಿ, ಅದು ಮುಗಿಯುವಲ್ಲಿ ಕಾಲಿಗೆ ತಿಳಿಯುವಂಥ ಗುಬ್ಬಿಯ ಹಾಸುಬಿಲ್ಲೆಗಳೂ ಇರಲಿ. ಈ ಬಿಲ್ಲೆಗಳನ್ನು ರೂಪಿಸಿದವರು ಜಪಾನಿನ ಸೈಇಚಿ ಮಿಯಾಕೆ. ಮೊದಲು ಹಾಸಿದ್ದು ಒಕಯಾಮಾ ನಗರದಲ್ಲಿ, 1967ರಲ್ಲಿ. ಇಂದು ನಮ್ಮ ರೈಲು ನಿಲ್ದಾಣಗಳಲ್ಲಿ ಕಾಣುವ ಹಳದಿ ಬಿಲ್ಲೆಗಳ ಮೂಲ ಅದೇ.

ಇನ್ನೊಂದು ಸಂಗತಿ. ಇಳಿಜಾರು ಇದ್ದರೆ ಪಾವಟಿಗೆ ಬೇಡವೆಂದು ಹಲವರ ಎಣಿಕೆ. ಆದರೆ ಕೃತಕ ಕಾಲಿನವರಿಗೆ, ಮೊಣಕಾಲು ಬಿಗಿದವರಿಗೆ ಇಳಿಜಾರಿನಲ್ಲಿ ಇಳಿಯುವುದಕ್ಕಿಂತ ಹಿಡಿಕೆ ಇರುವ ಗಿಡ್ಡ ಪಾವಟಿಗೆಗಳೇ ಸುಲಭವಾಗುವುದುಂಟು. ಆದ್ದರಿಂದ ಎರಡೂ ಬೇಕು. ಕುರ್ಚಿಯಲ್ಲಿ ಕೂತವರು, ಕೋಲು ಹಿಡಿದವರು ಸಮಿತಿಯಲ್ಲಿ ಇಲ್ಲದಿದ್ದರೆ ಇಂತಹ ಮಾತು ಹೊರಬರುವುದೇ ಇಲ್ಲ. ಪಕ್ಕದ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ನಾನಾ ಕಾಯಕದವರು ಅಲ್ಲಮಪ್ರಭುಗಳ ಅಧ್ಯಕ್ಷತೆಯ ಅನುಭವ ಮಂಟಪದಲ್ಲಿ ಒಟ್ಟಿಗೆ ಕುಳಿತು ಚರ್ಚಿಸಿದರೆಂದು ಹೆಮ್ಮೆಪಡುವ ನಮಗೆ ಈ ಕ್ರಮ ಹೊಸದೆನಿಸಬಾರದು.

‘ಬೇಕು’ ಮತ್ತು ‘ಬಹುದು’

ಸಹಮತದ ಕ್ರಮಕ್ಕೆ ದೋಷಗಳೂ ಇವೆ. ಕಾಲ ಬಹಳ ಹಿಡಿಯುತ್ತದೆ. ಎಲ್ಲರನ್ನೂ ಒಪ್ಪಿಸುವ ಭರದಲ್ಲಿ ‘ಮಾಡಬೇಕು’ ಎಂಬುದು ‘ಮಾಡಬಹುದು’ ಎಂದಾಗುವ ಅಪಾಯವಿದೆ. ಹೀಗೆ ಸಡಿಲವಾದ ಭಾಷೆಯೇ ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಪ್ರಶ್ನೆಯಾಗಿ ಬಂತು.

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016 ಹಿಂದಿನ ಏಳು ಬಗೆಯ ಅಂಗವೈಕಲ್ಯಗಳ ಬದಲು 21 ಬಗೆಗಳನ್ನು ಗುರುತಿಸಿತು. ನಿಗದಿತ ನಿಯಮ ಪಾಲಿಸದ ಕಟ್ಟಡಕ್ಕೆ ಅನುಮತಿಯನ್ನಾಗಲಿ ಪೂರ್ಣಗೊಂಡ ಪ್ರಮಾಣಪತ್ರವನ್ನಾಗಲಿ ಕೊಡಕೂಡದು ಎಂದೂ ಅದರಲ್ಲಿದೆ. ಅದರಡಿ 2017ರಲ್ಲಿ ನಿಯಮಗಳು ಬಂದವು. 2021ರಲ್ಲಿ ರೂರ್ಕಿಯ ಐಐಟಿ ಮತ್ತು ರಾಷ್ಟ್ರೀಯ ನಗರ ವ್ಯವಹಾರಗಳ ಸಂಸ್ಥೆ ಸಿದ್ಧಪಡಿಸಿದ ಹೊಸ ಮಾರ್ಗಸೂಚಿ ಪ್ರಕಟವಾಯಿತು. ಆದರೆ ಮಾರ್ಗಸೂಚಿಗಳ ಭಾಷೆ ಬಹುಮಟ್ಟಿಗೆ ಸಲಹೆಯ ರೂಪದಲ್ಲಿಯೇ ಇತ್ತು.

ದೃಷ್ಟಿದೋಷವುಳ್ಳ ರಾಜೀವ್ ರತೂರಿ ಅವರು 2005ರಲ್ಲಿ ಹೂಡಿದ್ದ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್ 8ರಂದು ತೀರ್ಪು ಕೊಟ್ಟಿತು. ಕಾಯ್ದೆಯು ಕಡ್ಡಾಯ ನಿಯಮ ಕೇಳುತ್ತಿರುವಾಗ ಬರೀ ಸಲಹೆ ಕೊಡುವ 15ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ಹೇಳಿತು. ಬಿಡಲಾಗದ ಕನಿಷ್ಠ ನಿಯಮಗಳನ್ನು ಬೇರ್ಪಡಿಸಿ, ಸಂಬಂಧಪಟ್ಟ ಎಲ್ಲರೊಡನೆ ಸಮಾಲೋಚಿಸಿ, ಮೂರು ತಿಂಗಳಲ್ಲಿ ರೂಪಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಈ ಕೆಲಸದಲ್ಲಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವಿಕಲತೆ ಅಧ್ಯಯನ ಕೇಂದ್ರವನ್ನೂ ಸೇರಿಸಿಕೊಳ್ಳಬೇಕೆಂದಿತು. ಇದರ ಅರ್ಥ ಸ್ಪಷ್ಟ. ಎಷ್ಟು ಒಳ್ಳೆಯದು ಮಾಡಬಹುದು ಎಂಬುದನ್ನು ಎಷ್ಟು ಬೇಕಾದರೂ ಚರ್ಚಿಸಿ, ಆದರೆ ಇದಕ್ಕಿಂತ ಕೆಳಗೆ ಇಳಿಯಕೂಡದು ಎಂಬ ಒಂದು ಗೆರೆ ಇರಲೇಬೇಕು. ಔಷಧದ ಕನಿಷ್ಠ ಪ್ರಮಾಣ ಇದ್ದಂತೆ ಅದು. ಅದಕ್ಕಿಂತ ಕಡಿಮೆ ಕೊಟ್ಟರೆ ಕೊಟ್ಟ ಹಾಗೂ ಅಲ್ಲ.

ನಮ್ಮೂರಿಗೆ ಇದೇಕೆ ಮುಖ್ಯ?

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಮೊಣಕಾಲು ಸವೆದ ಮುದುಕರು, ಕಣ್ಣಿಗೆ ಪೊರೆ ಬಂದವರು, ತುಂಬು ಗರ್ಭಿಣಿಯರು ಈ ಲೆಕ್ಕದಲ್ಲಿ ಬಹುಮಟ್ಟಿಗೆ ಸೇರುವುದಿಲ್ಲ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಆ ಸಾಲಿಗೆ ಸೇರುವವರೇ.

2017ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಚಿಟಗುಪ್ಪ, ಕಮಲನಗರಗಳೊಡನೆ ಹುಲಸೂರೂ ಒಂದು. ಹೊಸ ತಾಲ್ಲೂಕೆಂದರೆ ಹೊಸ ಕಚೇರಿಗಳು, ಹೊಸ ಕಟ್ಟಡಗಳು. ನಕ್ಷೆಯ ಮೇಲೆ ಬಾಗಿಲನ್ನು ಅರ್ಧ ಅಡಿ ಅಗಲಿಸಲು ಪೆನ್ಸಿಲ್ ಸಾಕು. ಕಟ್ಟಿದ ಮೇಲೆ ಗೋಡೆ ಒಡೆಯಬೇಕು. ಆದುದರಿಂದ ಯಾವುದೇ ಸಾರ್ವಜನಿಕ ಕಟ್ಟಡದ ಅಡಿಗಲ್ಲಿಗೆ ಮೊದಲೇ ಊರಿನ ಐದಾರು ಜನ ನಕ್ಷೆಯ ಮುಂದೆ ಕೂರುವುದು ಒಳ್ಳೆಯದು. ಗಾಲಿಕುರ್ಚಿಯವರೊಬ್ಬರು, ದೃಷ್ಟಿ ಇಲ್ಲದವರೊಬ್ಬರು, ಒಬ್ಬ ಮುದುಕಿ, ಎಂಜಿನಿಯರ್, ಗೌಂಡಿ, ಆಸ್ಪತ್ರೆಯ ನರ್ಸ್ ಇದ್ದರೆ ಸಾಕು. ಪ್ರತಿ ಆಕ್ಷೇಪವನ್ನೂ ಬರೆದುಕೊಂಡು, ಅದಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಮುಂದಕ್ಕೆ ಹೋಗಬೇಕು.

ಟೇಪು ಹಿಡಿದು ನೋಡಿ

1. ಇಳಿಜಾರು: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿಗೆ ಕಡಿಮೆ ಇರಕೂಡದು. ಅಗಲ ಕನಿಷ್ಠ 1200 ಮಿ.ಮೀ., ಅಂದರೆ ನಾಲ್ಕಡಿ. ಮೇಲೆ, ಕೆಳಗೆ ಕುರ್ಚಿ ನಿಂತು ತಿರುಗಲು ಐದಡಿ ಸಮತಟ್ಟು ಜಾಗ ಇರಲಿ.

2. ಹಿಡಿಕೆ: ಎರಡೂ ಬದಿಗೆ ಬೇಕು. ಲಕ್ವಾ ಆದವರಿಗೆ ಒಂದೇ ಕೈ ಬಲವಿರುತ್ತದೆ. ಹತ್ತುವಾಗ ಬಲಕ್ಕಿದ್ದ ಹಿಡಿಕೆ ಇಳಿಯುವಾಗ ಎಡಕ್ಕೆ ಬರುತ್ತದೆ ಎಂಬುದನ್ನು ಮರೆಯಬೇಡಿ.

3. ಬಾಗಿಲು: ಚೌಕಟ್ಟು ಬಿಟ್ಟು ಒಳಗಿನ ತೆರವು 900 ಮಿ.ಮೀ., ಅಂದರೆ ಮೂರಡಿ ಇರಬೇಕು. ಹೊಸ್ತಿಲು ಅರ್ಧ ಇಂಚಿಗಿಂತ ಎತ್ತರ ಬೇಡ.

4. ಸಂಡಾಸ: ಬಾಗಿಲು ಹೊರಕ್ಕೆ ತೆರೆಯಲಿ. ಒಳಗೆ ರೋಗಿ ಬಿದ್ದಾಗ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ದೇಹವೇ ಅಡ್ಡವಾಗುತ್ತದೆ. ಕಮೋಡಿನ ಪಕ್ಕ ಗೋಡೆಗೆ ಗಟ್ಟಿಯಾದ ಹಿಡಿಕೆ ಇರಲಿ.

5. ನೆಲ: ನುಣುಪು ಮಾಡಿದ ಶಹಾಬಾದ್ ಫರಸಿ ಒಣಗಿದಾಗ ಚೆಂದ, ಒದ್ದೆಯಾದಾಗ ಅಪಾಯ. ನೀರು ಬೀಳುವಲ್ಲಿ ಒರಟು ಕಲ್ಲು ಹಾಕಿಸಿ. ಮುದುಕರ ತೊಡೆಮೂಳೆಯ ಕುತ್ತಿಗೆ ಮುರಿಯಲು ಒಂದು ಜಾರುವಿಕೆ ಸಾಕು.

6. ಪಾವಟಿಗೆಯ ಅಂಚು: ಬೇರೆ ಬಣ್ಣದ ಪಟ್ಟಿ ಬಳಿಯಿರಿ. ಕಣ್ಣು ಮಂಜಾದವರಿಗೆ ಒಂದೇ ಬಣ್ಣದ ಪಾವಟಿಗೆಗಳು ಸಪಾಟು ನೆಲದಂತೆ ಕಾಣುತ್ತವೆ.

ನನ್ನ ದವಾಖಾನೆಯ ಮುಂದೆ ಹದಿನೆಂಟು ಅಡಿ ನೇರ ಜಾಗವಿರಲಿಲ್ಲ. ಆ ಗೌಂಡಿ, ಆ ದಂಪತಿ ಮತ್ತು ನಾನು ಬೀದಿಯಲ್ಲಿ ಸುಣ್ಣದ ಗೆರೆ ಎಳೆದು ನೋಡಿದೆವು. ಗೋಡೆಯ ಗುಂಟ ಒಂಬತ್ತು ಅಡಿ, ಮೂಲೆಯಲ್ಲಿ ತಿರುಗಲು ಸಮತಟ್ಟು, ಮತ್ತೆ ಒಂಬತ್ತು ಅಡಿ ಎಂದು ಸೂಚಿಸಿದವರು ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಆ ತಾಯಿಯೇ. ಪಾವಟಿಗೆಗಳನ್ನೂ ಉಳಿಸಿಕೊಂಡು ಅವಕ್ಕೆ ಹಿಡಿಕೆ ಹಾಕಿಸಿದೆವು. ಈಗ ಆ ರೈತರು ಒಳಗೆ ಬಂದು ಮೇಜಿನ ಮೇಲೆ ಮಲಗುತ್ತಾರೆ. ನಾನು ಮೊದಲು ಅವರ ಬೆನ್ನು ನೋಡುತ್ತೇನೆ, ಆಮೇಲೆ ಬಿ.ಪಿ.