42 ದಿನದ ಬಸ್ ಚಾರ್ಜು ಯಾರದು?

ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್‌ ಕಡೆಯೂ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಫ್ಯಾಟಿ ಲಿವರ್’ ಎಂದು ಬರೆಸಿಕೊಂಡು ಬರುವವರು ಈಗ ಅಪರೂಪವಲ್ಲ. ಮೈಗೆ ಚಳಿ ತಾಗಿದಾಗ ನಮ್ಮೊಳಗಿನ ‘ಕಂದು ಕೊಬ್ಬು’ (ಬ್ರೌನ್ ಫ್ಯಾಟ್) ಉರಿದು ಶಾಖ ಕೊಡುತ್ತದೆ. ಅದರಿಂದ ಲಿವರಿನ ಕೊಬ್ಬೂ ಕರಗೀತೇ ಎಂಬುದು ಸಂಶೋಧಕರ ಕುತೂಹಲ. ಇದಿನ್ನೂ ಚಿಕಿತ್ಸೆಯಲ್ಲ, ಪ್ರಶ್ನೆ ಅಷ್ಟೇ.

2013ರಲ್ಲಿ ಪ್ರಕಟವಾದ, ಕಂದು ಕೊಬ್ಬಿನ ಕುರಿತ ಜಪಾನಿನ ಅಧ್ಯಯನವೊಂದರಲ್ಲಿ ಆರೋಗ್ಯವಂತರನ್ನು 17 ಡಿಗ್ರಿ ತಂಪಿನಲ್ಲಿ ದಿನಕ್ಕೆ 2 ಗಂಟೆಯಂತೆ 6 ವಾರ ಕೂರಿಸಿದ್ದರು. ಅದೇ ಯೋಜನೆ ಫ್ಯಾಟಿ ಲಿವರ್ ಇರುವವರಿಗಾಗಿ ಹಾಗೇ ತುಮಕೂರಿಗೆ ಬಂತೆನ್ನಿ. ಗುಬ್ಬಿಯವರಿಗೆ ರೈಲಾದರೂ ಇದೆ. ಕುಣಿಗಲ್‌ನ ರೈಲು ಹೋಗುವುದು ಹಾಸನದ ದಾರಿಗೆ. 42 ದಿನ ಬಸ್ಸೇ ಗತಿ. ಹೆಂಗಸರಿಗೆ ಉಚಿತ ಬಸ್ಸಿನ ‘ಶಕ್ತಿ’ ಯೋಜನೆ ಇದೆ, ಗಂಡಸರಿಗೆ? ಅಡಿಕೆ ಕೊಯ್ಲಿನ ಸಮಯದಲ್ಲಿ ಬರುವವರು ಯಾರು? ಬಿಪಿ ಇರುವವರಿಗೆ ಚಳಿಯಲ್ಲಿ ಅದು ಇನ್ನಷ್ಟು ಏರಬಹುದಲ್ಲ? ಇವನ್ನೆಲ್ಲ ರೋಗಿಗಳು ಹೇಳಬೇಕಾದ್ದು ಯೋಜನೆ ಟೈಪಾಗುವ ಮೊದಲು.

ಹಾಗೆ ರೋಗಿಗಳನ್ನು ಮೊದಲೇ ಕೇಳಲೇಬೇಕೆಂಬ ನಿಯಮ ಕಾನೂನಿನಲ್ಲಿ ನೇರವಾಗಿ ಇಲ್ಲ, ಇರಬೇಕಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಮಾತ್ರ ಸಮುದಾಯವನ್ನು ಜತೆಗಿಟ್ಟುಕೊಳ್ಳಲು ಹೇಳುತ್ತದೆ. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳ ಪ್ರಕಾರ ಇಂಥ ಆರೋಗ್ಯ ಸಂಶೋಧನೆಗೆ ನೋಂದಾಯಿತ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಕನಿಷ್ಠ 7 ಜನ. ಅಧ್ಯಕ್ಷರು ಸಂಸ್ಥೆಯ ಹೊರಗಿನವರು. ಡಾಕ್ಟರಲ್ಲದ, ನಮ್ಮ ನಿಮ್ಮಂಥ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ನಿಮ್ಮ ತಕರಾರು, ಸಲಹೆ ಏನಿದ್ದರೂ ಕನ್ನಡದಲ್ಲೇ ಬರೆದು ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಕೊಡಿ, ಸ್ವೀಕೃತಿ ಹಾಕಿಸಿಕೊಳ್ಳಿ.

ಅಧ್ಯಯನಕ್ಕೆ ಸೇರುವುದಾದರೆ ಮಾಹಿತಿ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ಓದಲು ಬಾರದಿದ್ದರೆ ಸಂಶೋಧನೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು. “ಇಲ್ಲೊಂದು ಸೈನ್ ಹಾಕಿ ಯಜಮಾನ್ರೇ” ಎಂದೊಡನೆ ಹೆಬ್ಬೆಟ್ಟು ಒತ್ತಬೇಡಿ. ಮನೆಗೊಯ್ದು ಮಕ್ಕಳಿಗೆ ತೋರಿಸಿ. ಸಹಿಯಾದ ಪ್ರತಿ ನಿಮ್ಮ ಕೈಗೆ ಬರಬೇಕು. ಸಂಶೋಧನೆಗಾಗಿಯೇ ಮಾಡುವ ಪರೀಕ್ಷೆಗೆ ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಪ್ರಯಾಣದ ಖರ್ಚು, ಕಳೆದ ಕೂಲಿ ಕೊಡುತ್ತಾರೆಯೇ, ಚಳಿಯಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರ ಹೊಣೆ ಎಂಬುದನ್ನು ಪತ್ರದಲ್ಲೇ ಹುಡುಕಿ. ತಣ್ಣನೆ ಕೋಣೆ ಔಷಧವಲ್ಲ, ಆದ್ದರಿಂದ ಔಷಧ ಪ್ರಯೋಗದ ಪರಿಹಾರ ಸೂತ್ರ ತಾನಾಗಿ ಅನ್ವಯಿಸುತ್ತದೆ ಎಂದು ನಂಬಿ ಕೂರಬೇಡಿ.

ಮಧ್ಯದಲ್ಲಿ ಬೇಡವೆನಿಸಿದರೆ ಕಾರಣ ಹೇಳದೆ ಬಿಡಬಹುದು; ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವೋ ತಾಲ್ಲೂಕು ಸಮಿತಿಯೋ ಇದೆ, ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಉಚಿತ ವಕೀಲರನ್ನು ಪಡೆಯಲು ಆದಾಯ ಮಿತಿ ಇಲ್ಲ.