ಕಥೆಯ ಪಕ್ಕದ ಆ ಒಂದು ಪುಟ

ಪುಟ್ಟಿ,

ಶಾಲೆಯ ವಸ್ತುಪ್ರದರ್ಶನಕ್ಕೆಂದು ನೀನು ಬರೆದ ಕಥೆ ಓದಿದೆ. ಅದರ ಪಕ್ಕದಲ್ಲಿ ಅಂಟಿಸಲು ನಿಮ್ಮ ಕನ್ನಡ ಮೇಷ್ಟ್ರು ಕೇಳಿದ್ದಾರಲ್ಲ, 'ನಾನು ಈ ಕಥೆ ಬರೆದ ಬಗೆ' ಎಂಬ ಪುಟ, ಅದನ್ನೂ ಓದಿದೆ. ಕಥೆ ಹಿಡಿಸಿತು. ಪುಟ ಹಿಡಿಸಲಿಲ್ಲ. ಕಥೆಯಲ್ಲಿ ನೀನಿದ್ದೀಯ, ನಿನ್ನ ಅಜ್ಜಿ ಇದ್ದಾಳೆ, ಬೂವನಹಳ್ಳಿಯ ಮಣ್ಣಿದೆ. ಆ ಪುಟದಲ್ಲಿ ಯಾರೂ ಇಲ್ಲ. ಈ ಚಟುವಟಿಕೆಯಿಂದ ನನ್ನ ಸೃಜನಶೀಲತೆ ಹೆಚ್ಚಿತು, ಆತ್ಮವಿಶ್ವಾಸ ಮೂಡಿತು, ಪ್ರೋತ್ಸಾಹಿಸಿದ ಎಲ್ಲರಿಗೂ ಧನ್ಯವಾದಗಳು ಎಂದು ಬರೆದಿದ್ದೀಯ. ಕಥೆಯನ್ನೇ ಬರೆಯದ ಹುಡುಗಿಯೂ ಈ ಸಾಲುಗಳನ್ನು ಬರೆಯಬಹುದು. ಜೀವಮಾನವೆಲ್ಲ ಮಕ್ಕಳ ನೋಟ್‌ಬುಕ್ಕು ತಿದ್ದಿದವನು ನಾನು. ಇಂಥ ಸಾಲುಗಳನ್ನು ತಿದ್ದುವುದೇ ಬಲು ಕಷ್ಟ, ಏಕೆಂದರೆ ಅವುಗಳಲ್ಲಿ ಒಂದು ಕಾಗುಣಿತದ ತಪ್ಪೂ ಇರುವುದಿಲ್ಲ.

ಆದ್ದರಿಂದ ಆ ಪುಟವನ್ನು ಮತ್ತೆ ಬರೆ ಅಂತ ಹೇಳಲು ಕೂತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ, ಪೂರ್ತಿ ಓದು.

ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜಿ ಬಿತ್ತನೆ ಗೆಡ್ಡೆ ಕುಯ್ಯುವ ಭಾಗ. ಗೋಣಿತಾಟು ಹಾಸಿಕೊಂಡು, ಒಂದೊಂದು ಆಲೂಗೆಡ್ಡೆಯನ್ನೂ ಕೈಯಲ್ಲಿ ತಿರುಗಿಸಿ ಕಣ್ಣು ಎಲ್ಲೆಲ್ಲಿದೆ ಅಂತ ನೋಡಿ, ಹೋಳಿಗೆ ಎರಡು ಕಣ್ಣಾದರೂ ಬರುವ ಹಾಗೆ ಚಾಕು ಇಡುತ್ತಾಳೆ. ಒಳಗೆ ಕಪ್ಪಗಿದ್ದ ಗೆಡ್ಡೆ ಸಿಕ್ಕಿದರೆ ಪಕ್ಕಕ್ಕೆ ಎಸೆದು, ಚಾಕುವನ್ನು ಔಷಧಿ ನೀರಲ್ಲಿ ಅದ್ದಿ ಒರೆಸಿಕೊಂಡೇ ಮುಂದಿನದಕ್ಕೆ ಕೈ ಹಾಕುತ್ತಾಳೆ. ಇದನ್ನು ನೀನು ಪುಸ್ತಕದಲ್ಲಿ ಓದಿ ಬರೆದಿಲ್ಲ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದ್ದೀಯ. ಹಾಗಾದರೆ ಪುಟದಲ್ಲಿ ಅದನ್ನೇ ಹೇಳು. ಯಾವಾಗ ನೋಡಿದೆ, ಅಜ್ಜಿ ನಿನ್ನ ಕೈಗೆ ಚಾಕು ಕೊಟ್ಟಳೋ ಇಲ್ಲವೋ, ಗೆಡ್ಡೆ ಎಲ್ಲಿಂದ ಬಂತು. ಜಲಂಧರದ ಕಡೆಯಿಂದ ಲಾರಿಯಲ್ಲಿ ಬಂದ ಗೆಡ್ಡೆಯನ್ನು ಮುಂಗಾರಿಗೆ ಮುಂಚೆ ಹಾಸನದ ಎಪಿಎಂಸಿಯಲ್ಲಿ ಕೊಂಡು ತರುವುದು ನಮ್ಮ ರೈತರಿಗೆ ಎಷ್ಟು ಮಾಮೂಲಿ ಸಂಗತಿ! ಆದರೆ ಪ್ರದರ್ಶನ ನೋಡಲು ಬರುವ ಪೇಟೆಯವರಿಗೆ, ನಮ್ಮ ಹೊಲದ ಗೆಡ್ಡೆಯ ಬೀಜ ಪಂಜಾಬಿನದು ಎಂಬುದು ಹೊಸ ಸುದ್ದಿ. ಒಂದು ಕಾಲಕ್ಕೆ ಹಾಸನ ಸೀಮೆಯಲ್ಲಿ ಮುಂಗಾರು ಅಂದರೆ ಆಲೂಗೆಡ್ಡೆ. ರೋಗ ಮತ್ತು ಬೆಲೆ ಎರಡೂ ಹೊಡೆದ ಮೇಲೆ ಎಷ್ಟೋ ಜನ ಮುಸುಕಿನ ಜೋಳಕ್ಕೆ, ಶುಂಠಿಗೆ ಹೊರಳಿದರು. ನಿನ್ನ ತಂಗಿ ನಿನ್ನ ವಯಸ್ಸಿಗೆ ಬರುವ ಹೊತ್ತಿಗೆ ಈ ಗೆಡ್ಡೆ ಕುಯ್ಯುವ ಕೆಲಸ ನಮ್ಮ ಮನೆಯಲ್ಲಿ ಇರುತ್ತದೋ ಇಲ್ಲವೋ.

ಕಥೆಯಲ್ಲಿ ಇನ್ನೊಂದು ಕಡೆ, ಅಂಗಮಾರಿ ರೋಗ ಬಂದು ಒಂದೇ ರಾತ್ರಿಯಲ್ಲಿ ಹೊಲವೆಲ್ಲ ಸುಟ್ಟಂತಾಯಿತು ಎಂದು ಬರೆದಿದ್ದೀಯ. ಅದು ಹಾಗಲ್ಲಮ್ಮ. ಮೋಡ ಮುಚ್ಚಿ, ಜಿನುಗು ಮಳೆ ಹಿಡಿದು, ಬಿಸಿಲೇ ಬೀಳದ ದಿನಗಳು ಒಂದರ ಹಿಂದೊಂದು ಬರಬೇಕು. ಮೊದಲು ಎಲೆಯ ಅಂಚಿನಲ್ಲಿ ನೀರು ಕುಡಿದಂಥ ಕಂದು ಮಚ್ಚೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಅಡಿಯಲ್ಲಿ ಬೆಳ್ಳಗೆ ಬೂಷ್ಟು. ಆಮೇಲೆ ಕೆಲವೇ ದಿನಗಳಲ್ಲಿ ಹೊಲ ಕಪ್ಪಾಗಿ ವಾಸನೆ ಹೊಡೆಯುತ್ತದೆ. ರೈತ ದಿನವೂ ಹೋಗಿ ಎಲೆ ಮಗುಚಿ ನೋಡುತ್ತಾನೆ. ಕಥೆಗೆ ಬೇಕಾದ ಸಂಕಟ ಇರುವುದೇ ಆ ದಿನಗಳಲ್ಲಿ. ನೀನು ಬೇಕೆಂದೇ ಒಂದು ರಾತ್ರಿಗೆ ಇಳಿಸಿದೆಯೋ, ಗೊತ್ತಿಲ್ಲದೆ ಬರೆದೆಯೋ? ಬೇಕೆಂದೇ ಆದರೆ, ಏಕೆ ಎಂದು ಪುಟದಲ್ಲಿ ಹೇಳು. ಗೊತ್ತಿಲ್ಲದಿದ್ದರೆ ಅಪ್ಪನನ್ನು ಕೇಳಿ ತಿದ್ದು, ತಿದ್ದಿದ್ದನ್ನೂ ಹೇಳು. ಕಥೆಯಲ್ಲಿ ಬದಲಾಯಿಸುವ ಸ್ವಾತಂತ್ರ್ಯ ನಿನಗಿದೆ. ಏನನ್ನು ಬದಲಾಯಿಸಿದೆ ಅಂತ ಬಚ್ಚಿಡುವ ಕಾರಣ ಮಾತ್ರ ಈ ಪುಟದಲ್ಲಿ ಇಲ್ಲ. (ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಹೊಕ್ಕು, ಮುಂದಿನ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ನಮ್ಮ ಹೊಲದ ಎಲೆಯಡಿಯ ಆ ಬೂಷ್ಟಿಗೆ ಅಷ್ಟು ದೊಡ್ಡ ಚರಿತ್ರೆ ಇದೆ. ನಿಮ್ಮ ವಿಜ್ಞಾನದ ಮೇಡಂ ಹತ್ತಿರ ಕೇಳು, ಇನ್ನೂ ಹೇಳುತ್ತಾರೆ.)

ಬರೆದದ್ದರ ಬಗ್ಗೆ ಬರೆಯುವುದು ಸ್ಕೂಲಿನವರು ಮಾರ್ಕ್ಸಿಗಾಗಿ ಹುಡುಕಿದ ಕೆಲಸ ಅಂತ ತಿಳಿಯಬೇಡ. ನಮ್ಮ ಜಿಲ್ಲೆಯ ದೊಡ್ಡ ಬರಹಗಾರರು ಅದನ್ನು ಮಾಡಿದ್ದಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ಹುಡುಗರಾಗಿದ್ದಾಗಲೇ ಪ್ಲೇಗಿನಲ್ಲಿ ತಾಯಿಯನ್ನೂ ಒಡಹುಟ್ಟಿದವರನ್ನೂ ಕಳೆದುಕೊಂಡರು. ಆ ದುಃಖವನ್ನು ಅವರು ಕೂಡಲೇ ಬರೆಯಲಿಲ್ಲ. ನಲವತ್ತರ ಹತ್ತಿರ ಬಂದ ಮೇಲೆ, 1970ರಲ್ಲಿ, 'ಗೃಹಭಂಗ' ಬಂತು. ಅದರಲ್ಲಿ ಊರಿಗೆ ಬೇರೆ ಹೆಸರು, ತಾಯಿಗೆ ನಂಜಮ್ಮ ಎಂಬ ಹೆಸರು. ಮುತ್ತುಗದ ಎಲೆ ಹಚ್ಚಿ, ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ಸಾಕುವ ಆ ಹೆಂಗಸನ್ನು ಓದಿದವರು ಮರೆಯುವುದಿಲ್ಲ. ಅದಾಗಿ ಕಾಲು ಶತಮಾನ ಕಳೆದ ಮೇಲೆ, 1996ರಲ್ಲಿ, 'ಭಿತ್ತಿ' ಎಂಬ ಆತ್ಮವೃತ್ತಾಂತದಲ್ಲಿ ಅದೇ ಬಾಲ್ಯವನ್ನು ತನ್ನದೆಂದೇ ಹೇಳಿಕೊಂಡರು. ನಡುವೆ 'ನಾನೇಕೆ ಬರೆಯುತ್ತೇನೆ' ಎಂದೇ ಒಂದು ಪುಸ್ತಕ ಬರೆದರು. ದೊಡ್ಡವಳಾದ ಮೇಲೆ 'ಗೃಹಭಂಗ'ವನ್ನೂ 'ಭಿತ್ತಿ'ಯನ್ನೂ ಒಂದರ ಹಿಂದೆ ಒಂದು ಓದು. ಬದುಕಿನಿಂದ ಏನು ಕಥೆಗೆ ಹೋಯಿತು, ಏನು ಹೊರಗುಳಿಯಿತು ಅಂತ ಕಣ್ಣಿಗೆ ಕಾಣುತ್ತದೆ. ನಿಮ್ಮ ಮೇಷ್ಟ್ರು ನಿನ್ನಿಂದ ಕೇಳುತ್ತಿರುವುದು ಅದನ್ನೇ, ಒಂದು ಪುಟದಷ್ಟು.

1908ರಲ್ಲಿ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಇಂಗ್ಲಿಷಿನಲ್ಲಿ ಬರೆದವರು. ಅವರ 'ಕಾಂತಾಪುರ' 1938ರಲ್ಲಿ ಹೊರಬಂತು. ಆ ಕಾದಂಬರಿಯ ಹೊತ್ತಿಗೆ ಅವರು ಫ್ರಾನ್ಸಿನಲ್ಲಿದ್ದರು. ಆದರೂ ಕಥೆಯ ಊರ ದೇವತೆ ನಮ್ಮ ಕಡೆಯ ಕೆಂಚಮ್ಮ, ಹರಿಯುವ ಹೊಳೆ ನಮ್ಮ ಹೇಮಾವತಿ. ಆ ಪುಸ್ತಕಕ್ಕೆ ಅವರು ಒಂದು ಪುಟ್ಟ ಮುನ್ನುಡಿ ಬರೆದಿದ್ದಾರೆ. ಪ್ರತಿ ಊರಿಗೂ ಒಂದು ಸ್ಥಳಪುರಾಣ ಉಂಟು ಎಂದು ಶುರುಮಾಡಿ, ತಮ್ಮದಲ್ಲದ ಭಾಷೆಯಲ್ಲಿ ನಮ್ಮ ಜನರ ಮಾತಿನ ಓಟವನ್ನು ಹಿಡಿಯುವುದು ಎಷ್ಟು ಕಷ್ಟವಾಯಿತು ಎಂದು ಹೇಳುತ್ತಾರೆ. ಕಾದಂಬರಿ ಓದದವರೂ ಆ ಮುನ್ನುಡಿಯನ್ನು ಓದಿರುತ್ತಾರೆ, ಕಾಲೇಜುಗಳಲ್ಲಿ ಇವತ್ತಿಗೂ ಪಾಠ ಮಾಡುತ್ತಾರೆ. ಅದರಲ್ಲಿ ಆತ್ಮವಿಶ್ವಾಸ ಹೆಚ್ಚಿದ ವಿಷಯ ಇಲ್ಲ. ಏನು ಮಾಡಲು ಹೊರಟೆ, ಎಲ್ಲಿ ಕಷ್ಟವಾಯಿತು, ಅಷ್ಟೇ ಇದೆ.

ನಿನಗೆ ಎಲ್ಲಿ ಕಷ್ಟವಾಯಿತು? ನನಗೆ ಒಂದು ಜಾಗ ಗೊತ್ತು. ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಕಾಟು ಹೊಡೆದ ಒಂದು ಮುಕ್ತಾಯ ಇತ್ತು. ಅದರಲ್ಲಿ ಹುಡುಗಿ ಬೂವನಹಳ್ಳಿಯಿಂದಲೇ ವಿಮಾನ ಹತ್ತಿ ಹೋಗುತ್ತಾಳೆ, ಕೆಳಗೆ ನೋಡಿ ಕೈ ಬೀಸುತ್ತಾಳೆ. ಅದನ್ನು ಏಕೆ ತೆಗೆದೆ? ತೆಗೆದದ್ದು ಸರಿ ಅಂತ ನನ್ನ ಅಭಿಪ್ರಾಯ, ಆದರೆ ಕಾರಣ ನಿನ್ನ ಬಾಯಿಂದ ಬರಬೇಕು. ಬೂವನಹಳ್ಳಿ ಅಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. ದಶಕಗಳಿಂದ ಅದರ ಮಾತು ಕೇಳಿಕೊಂಡೇ ನಿನ್ನ ಅಪ್ಪ ದೊಡ್ಡವನಾದ. 2021ರಲ್ಲಿ ಮತ್ತೆ ಶಂಕುಸ್ಥಾಪನೆ ಆಯಿತು, ಕೆಲಸ ನಡೆಯಿತು. ಪ್ರದರ್ಶನದಲ್ಲಿ ಥರ್ಮಾಕೋಲ್ ವಿಮಾನ, ರನ್‌ವೇ ಮಾದರಿ ಮಾಡಿಕೊಂಡು ಬರುವ ಹುಡುಗರು ಇದ್ದೇ ಇರುತ್ತಾರೆ, ಚೆನ್ನಾಗಿಯೂ ಮಾಡುತ್ತಾರೆ. ಆ ನೆಲ ರನ್‌ವೇ ಆಗುವ ಮುಂಚೆ ಏನಾಗಿತ್ತು ಅಂತ ಹೇಳಬಲ್ಲವಳು ನೀನು.

ಹೊಲಗಳಿಗೆ ಹೆಸರಿರುತ್ತದೆ ಪುಟ್ಟಿ. ಪಹಣಿಯಲ್ಲಿ ಸರ್ವೆ ನಂಬರು ಇದ್ದರೆ, ಜನರ ಬಾಯಲ್ಲಿ ಹುಣಿಸೆಮರದ ಹೊಲ, ಕೆರೆ ಹಿಂದಲ ಗದ್ದೆ, ಕಲ್ಲುಗುಟ್ಟೆ ಹೊಲ. ಮರ ಬಿದ್ದು ವರ್ಷಗಳಾದರೂ ಹೆಸರು ಉಳಿದಿರುತ್ತದೆ. ಹೊಲವೇ ಹೋದ ಮೇಲೆ ಹೆಸರು ಹೇಳುವವರು ಎಷ್ಟು ದಿನ ಇರುತ್ತಾರೆ? ನಮ್ಮ ಜಿಲ್ಲೆಯದೇ ಆದ ಹಲ್ಮಿಡಿ ಶಾಸನವನ್ನು ನಿಮ್ಮ ಪಾಠದಲ್ಲಿ ಓದಿರುತ್ತೀಯ, ಸುಮಾರು ಕ್ರಿ.ಶ. 450ರದ್ದು, 16 ಸಾಲು. ಯುದ್ಧದಲ್ಲಿ ಗೆದ್ದ ವೀರನಿಗೆ ಪಲ್ಮಿಡಿ, ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟರು ಎಂಬುದು ಅದರ ತಿರುಳು. ಆಗಿನ ಜನ ಕಲ್ಲಿಗೆ ಉಳಿ ಹಾಕಿ ಬರೆದದ್ದು ಮನುಷ್ಯರ ಹೆಸರು, ಊರ ಹೆಸರು, ಯಾರ ನೆಲ ಯಾರಿಗೆ ಹೋಯಿತು ಎಂಬ ಸುದ್ದಿ. ಅದರಿಂದಲೇ ನಮಗೆ ಆ ಜನ ಗೊತ್ತು. ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹಳ್ಳಿಯ ಚಿತ್ರಗಳು' ಬರೆದಿದ್ದರಿಂದ ಅಣೆಕಟ್ಟಿಗೆ ಮುಂಚಿನ ಗೊರೂರು ಇವತ್ತಿಗೂ ನಮ್ಮ ಕೈಗೆ ಸಿಗುತ್ತದೆ. ಆ ಪುಸ್ತಕ 1930ರದ್ದು, ಹೇಮಾವತಿಗೆ ಅಣೆಕಟ್ಟು ಮುಗಿದದ್ದು ಹೆಚ್ಚುಕಡಿಮೆ ಅರ್ಧ ಶತಮಾನದ ಮೇಲೆ. ಅದರ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುವುದನ್ನು ನೋಡಲು ಊರೂರಿನಿಂದ ಬರುತ್ತಾರೆ. ಚರ್ಚಿನ ಫೋಟೋ ಎಲ್ಲರ ಮೊಬೈಲಿನಲ್ಲಿದೆ. ಅದರ ಸುತ್ತ ಬದುಕಿದ್ದ ಮನೆಗಳವರ ಹೆಸರು ಎಷ್ಟು ಜನರ ಹತ್ತಿರ ಇದೆ?

ನಿನ್ನ ಕಥೆಯಲ್ಲಿ ಹೊಲಕ್ಕೆ ಬರೀ 'ಹೊಲ' ಅಂತ ಇದೆ. ಅಜ್ಜಿಯನ್ನು ಕೇಳಿ ಹೆಸರು ಹಾಕು.

ಹೆಸರಿನ ವಿಷಯದಲ್ಲೇ ಇನ್ನೊಂದು ಮಾತು, ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಕಥೆಯಲ್ಲಿ ಸಾಲ ತೀರಿಸಲಾಗದೆ ಊರು ಬಿಟ್ಟು ಹೋದ ಒಬ್ಬರು ಬರುತ್ತಾರೆ. ಹೆಸರು ಬದಲಾಯಿಸಿದ್ದೀಯ, ಆದರೆ ಮನೆಯ ಮುಂದಿನ ತೆಂಗಿನ ಮರ, ಬಾಗಿಲ ಬಣ್ಣ, ಅವರ ಕೆಮ್ಮು ಎಲ್ಲ ಹಾಗೇ ಇದೆ. ಪ್ರದರ್ಶನಕ್ಕೆ ಇಡೀ ಊರು ಬರುತ್ತದೆ. ಅವರ ಮಕ್ಕಳೂ ನಿನ್ನ ಹಲಗೆಯ ಮುಂದೆ ನಿಂತು ಓದುತ್ತಾರೆ. ಹೊಲದ ಹೆಸರನ್ನು ನಿಜವಾಗಿಯೇ ಇಡು, ನೊಂದವರ ಗುರುತನ್ನು ಪೂರ್ತಿ ಮರೆಮಾಡು. ಅಜ್ಜಿಯ ವಿಷಯಕ್ಕೂ ಅಷ್ಟೇ, ಹಲಗೆಗೆ ಹಚ್ಚುವ ಮುಂಚೆ ಅವಳಿಗೆ ಓದಿ ಹೇಳಿ, ಒಪ್ಪಿಗೆ ಕೇಳು. ಅವಳು ಯಾವ ಸಾಲಿಗೆ ಬೇಡ ಅಂದಳೋ ಅದನ್ನು ತೆಗೆ. ಅವಳಿಗೆ ಓದಿ ಹೇಳುವಾಗ ಏನಾಯಿತು ಎನ್ನುವುದೇ ನಿನ್ನ ಪುಟದ ಒಳ್ಳೆಯ ಪ್ಯಾರಾ ಆದೀತು.

ನೊಂದವರ ಬಗ್ಗೆ ಬರೆಯುವ ವಿಷಯಕ್ಕೇ ಇನ್ನೊಂದು ಉದಾಹರಣೆ. 2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಿಮ್ಮ ಶಾಲೆಯಲ್ಲಿ ಸಿಹಿ ಹಂಚಿದರು ಅಂದೆಯಲ್ಲ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್', ಹನ್ನೆರಡು ಕಥೆಗಳು, ಕನ್ನಡಕ್ಕೆ ಮೊದಲ ಬಾರಿ ಸಿಕ್ಕ ಆ ಬಹುಮಾನ. ಬಾನು ಅವರನ್ನು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿಸಿಕೊಂಡಾಗ, ಆರು ತಿಂಗಳಲ್ಲಿ ಕನ್ನಡ ಓದಲು ಬರೆಯಲು ಕಲಿಯಬೇಕು ಎಂಬ ಷರತ್ತು ಹಾಕಿದ್ದರಂತೆ; ಅವರು ಕೆಲವೇ ದಿನಗಳಲ್ಲಿ ಬರೆಯತೊಡಗಿದರು. ಮುಂದೆ ಪತ್ರಕರ್ತೆಯಾಗಿ, ವಕೀಲೆಯಾಗಿ ಹೆಣ್ಣುಮಕ್ಕಳ ಕಷ್ಟವನ್ನು ಎದುರಿಗೆ ಕೂತು ಕೇಳಿದರು. ಆ ಹನ್ನೆರಡು ಕಥೆಗಳು 1990ರಿಂದ 2023ರವರೆಗೆ ಬರೆದವು. ಲಂಡನ್ನಿನ ವೇದಿಕೆಯನ್ನು ನೀನು ಟಿವಿಯಲ್ಲಿ ನೋಡಿದೆ. ಅದಕ್ಕಿಂತ ಹಿಂದಿನ ಆ ಕೇಳುವ ವರ್ಷಗಳನ್ನು ನೆನೆ.

ಮೊಬೈಲಿನ ವಿಷಯವನ್ನೂ ಕೇಳಿಬಿಡುತ್ತೇನೆ. ಮೊದಲ ಪ್ಯಾರಾದ ಸೂರ್ಯೋದಯದ ವರ್ಣನೆ ನಿನ್ನ ಕೈಯದಲ್ಲ ಅನ್ನಿಸಿತು. ಯಾವುದೋ ಆ್ಯಪಿಗೆ ಹೇಳಿ ಬರೆಸಿದ್ದರೆ, ತೆಗೆದುಬಿಡು. ಇಟ್ಟುಕೊಳ್ಳಲೇಬೇಕು ಅನ್ನಿಸಿದರೆ ಪುಟದಲ್ಲಿ ಹಾಗಂತ ಬರೆ. ನಿನ್ನ ಗೋಣಿತಾಟಿನ ಪಕ್ಕದಲ್ಲಿ ಆ ಸೂರ್ಯೋದಯ ನಿಲ್ಲುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಹಲಗೆ. ದುಂಡಗೆ ಬರೆದ ಕೊನೆಯ ಪ್ರತಿಯ ಜೊತೆಗೆ ಕಾಟು ಹೊಡೆದ ಆ ಮೊದಲ ಹಾಳೆಗಳನ್ನೂ ಪಿನ್ನು ಚುಚ್ಚಿ ಹಾಕು. ಚೆನ್ನಾಗಿ ಕಾಣಲ್ಲ ಅಂತ ಗೆಳತಿಯರು ಹೇಳಬಹುದು, ಬಣ್ಣದ ಕಾಗದದ ಅಂಚು ಹಚ್ಚು ಅನ್ನಬಹುದು. ಹಚ್ಚಿಕೋ. ಆದರೆ ವಿಮಾನದ ಮುಕ್ತಾಯ ಕಾಟು ಬಿದ್ದ ಹಾಳೆ ಮೇಲೆಯೇ ಇರಲಿ. ಕಥೆ ಬರೆಯಲು ಹೆದರುವ ಐದನೇ ಕ್ಲಾಸಿನ ಮಗು ಅದನ್ನು ನೋಡಿ, ಅಕ್ಕನೂ ಅಳಿಸಿ ಬರೆದಿದ್ದಾಳೆ ಅಂತ ತಿಳಿಯುತ್ತದೆ.

ಹಲಗೆಯ ಕೆಳಗೆ ಮೇಜಿನ ಮೇಲೆ ಒಂದು ನೂರು ಪುಟದ ಖಾಲಿ ನೋಟ್‌ಬುಕ್ಕು ಇಡು. ಮೇಲೆ 'ನಿಮ್ಮ ಹೊಲದ ಹೆಸರೇನು? ಆ ಹೆಸರು ಏಕೆ ಬಂತು?' ಎಂದು ದಪ್ಪಕ್ಷರದಲ್ಲಿ ಬರೆ. ಪೆನ್ನಿಗೆ ದಾರ ಕಟ್ಟಿ ಮೇಜಿನ ಕಾಲಿಗೆ ಗಂಟು ಹಾಕು, ಇಲ್ಲದಿದ್ದರೆ ಮೊದಲ ಗಂಟೆಯಲ್ಲೇ ಪೆನ್ನು ಮಾಯ. ಬರೆಯಲು ಬಾರದ ಹಿರಿಯರು ಬಂದರೆ ನೀನೇ ಕೇಳಿ ಬರೆದುಕೋ, ಅವರು ಹೇಳಿದ ಹಾಗೆಯೇ, ಗ್ರಾಂಥಿಕಕ್ಕೆ ತಿದ್ದದೆ. ಮೇಷ್ಟ್ರ ಹತ್ತಿರ ಇವತ್ತೇ ಅನುಮತಿ ಕೇಳು. ನಾನು ಮಧ್ಯಾಹ್ನದ ಹೊತ್ತಿಗೆ ಬರುತ್ತೇನೆ, ಅರಕಲಗೂಡಿನಿಂದ ನಿನ್ನ ದೊಡ್ಡಮ್ಮನೂ ಬರುತ್ತಾಳೆ. ಅವಳ ತಂಬಾಕಿನ ಹೊಲದ ಹೆಸರು ನನಗೂ ಗೊತ್ತಿಲ್ಲ, ಮೊದಲು ಅವಳಿಂದಲೇ ಬರೆಸು.

ನಿನ್ನ
ತಾತ